ಶಾಂತಾಬಾಯಿಯವರ ಮೊದಲ ಸಾವು

ಬದುಕಿರುವ ಹೆಂಗಸೊಬ್ಬರನ್ನು ನಾನು ಸತ್ತರೆಂದು ಹೇಳಿದ್ದೇನೆ. ಬಾಯಿತಪ್ಪಿ ಅಲ್ಲ, ಜ್ವರದ ಮಂಪರಿನಲ್ಲಿ ಅಲ್ಲ — ಬುದ್ಧಿ ನೆಟ್ಟಗಿದ್ದಾಗ, ಹಾಡುಹಗಲಿನಲ್ಲಿ, ಫೋನಿನಲ್ಲಿ, ಹಿಂದಿಯಲ್ಲಿ. ನನ್ನ ಹಿಂದಿ ಕೇಳಿದರೆ ಮುಂಬಯಿಯ ರಿಕ್ಷಾದವರು ಮೀಟರು ಹಾಕುವುದನ್ನೂ ಮರೆತು ನಗುತ್ತಾರೆ. ಅಂದು ಮಾತ್ರ ನಾಲಿಗೆ ಎಲ್ಲಿಯೂ ತೊಡರಲಿಲ್ಲ. “ವೋ ಅಬ್ ನಹೀ ರಹೀ” ಎಂದೆ. ಅವರು ಈಗ ಇಲ್ಲ, ತೀರಿಕೊಂಡರು — ಎಂದು.

ನಾನು ಹಾಗೆ ಹೇಳುವಾಗ, ತೀರಿಕೊಂಡ ಶಾಂತಾಬಾಯಿಯವರು ನನ್ನಿಂದ ನಾಲ್ಕು ಮಾರು ಆಚೆ, ಘಾಟ್ಕೋಪರಿನ ನಮ್ಮ ಭಜನಾ ಮಂಡಳಿಯ ಬಾಗಿಲಲ್ಲಿ ನಿಂತು ಅವಲಕ್ಕಿ ಪ್ರಸಾದ ಹಂಚುತ್ತಿದ್ದರು. ಫೋನನ್ನು ಕಿಸೆಗೆ ಹಾಕಿ ಹೋದೆ. ಕೈ ಒಡ್ಡಿದೆ. “ಇನ್ನೊಂಚೂರು ಹಾಕ್ಲೇನ್ರಿ ಮಾಸ್ತರ?” ಎಂದರು. ಹಾಕಿಸಿಕೊಂಡೆ. ತಿಂದೆ. ರುಚಿಯಾಗಿತ್ತು — ಬರೆಯಹೊರಟ ಮೇಲೆ ಇದನ್ನೂ ಬರೆಯಬೇಕು.

ಇದು ತಲೆ ತಗ್ಗಿಸಿ ಬರೆದದ್ದೆಂದು ಯಾರೂ ಓದಬಾರದು. ತಪ್ಪು ನನ್ನದೇ, ಅದರಲ್ಲಿ ಪಾಲುದಾರರಿಲ್ಲ. ಪಾಲು ಕೇಳಿಕೊಂಡು ಬಂದ ಹಿತೈಷಿಗಳಿಗೆ ನಾನು ಕೊಡುವವನೂ ಅಲ್ಲ. ‘ಪಾಪ, ವಯಸ್ಸಾಗಿತ್ತು, ಒತ್ತಡದಲ್ಲಿ ಬಾಯಿಗೆ ಬಂತು’ ಎನ್ನುವವರಿದ್ದಾರೆ. ಅವರಿಗೆ ನನ್ನ ನಮಸ್ಕಾರ. ಒತ್ತಡ ಇರಲಿಲ್ಲ. ಬಾಯಿಗೆ ಬರಲಿಲ್ಲ — ನಾನೇ ತಂದುಕೊಂಡೆ.

ನಾನು ಉಡುಪಿ ಕಡೆಯವ. ವಿಕ್ರೋಳಿಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ನಟ್ಟು-ಬೋಲ್ಟುಗಳ ಪಾಲನೆ ಮಾಡಿ ನಿವೃತ್ತನಾದವ. ಶನಿವಾರ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದೆ. ಅದಕ್ಕೇ ಎಲ್ಲರ ಬಾಯಲ್ಲಿ ‘ಮಾಸ್ತರು’. ಹಾಡು ಕಟ್ಟುವ ಚಟ ಮೊದಲಿನಿಂದಲೂ ಇತ್ತು. ಕೆಲವರಿಗೆ ಮೂಲವ್ಯಾಧಿ ಇರುತ್ತದಲ್ಲ, ಹಾಗೆ — ಹೊರಗೆ ಹೇಳಿಕೊಳ್ಳಲಾರದೆ, ಒಳಗೆ ಕೂರಲಾರದೆ. ನಿವೃತ್ತಿಯಾದ ಮೇಲೆ ಯಾರೋ ಹೇಳಿದರು, ಈಗೆಲ್ಲ ವೆಬ್ ಸೀರೀಸಿನವರು ಹೊಸ ಹಾಡು ಹುಡುಕುತ್ತಾರೆ, ಭಾಷೆಯ ಹಂಗಿಲ್ಲ, ನೀವು ಮ್ಯೂಸಿಕ್ ಸೂಪರ್‌ವೈಸರುಗಳನ್ನು ಹಿಡಿಯಿರಿ ಎಂದು.

ಸೂಪರ್‌ವೈಸರ್ ಎಂದರೆ ನನಗೆ ಗೊತ್ತಿದ್ದದ್ದು ಕಾರ್ಖಾನೆಯ ಸೂಪರ್‌ವೈಸರು — ಪಾಯಿಖಾನೆಯ ಹಿಂದೆ ಬೀಡಿ ಸೇದುವವರನ್ನು ಹಿಡಿಯುವುದು ಆ ಹುದ್ದೆಯ ಮುಖ್ಯ ಕರ್ತವ್ಯ. ಇವರು ಬೇರೆ. ಸಿನಿಮಾದಲ್ಲಿ, ಸೀರೀಸಿನಲ್ಲಿ, ಜಾಹೀರಾತಿನಲ್ಲಿ ಯಾವ ದೃಶ್ಯಕ್ಕೆ ಯಾವ ಹಾಡು ಕೇಳಿಸಬೇಕೆಂದು ಆರಿಸುವವರು. ಆರಿಸಿ, ಆ ಹಾಡಿನ ಒಡೆಯರಿಂದ ಅನುಮತಿ ತರುವವರು. ಇವರ ಕಿವಿಗೆ ಹಾಡು ಮುಟ್ಟಿಸುವುದು ಒಂದು ವ್ರತ. ಅದಕ್ಕೂ ವಿಧಿ ನಿಷೇಧಗಳಿವೆ. ಹಾಡನ್ನೇ ಕಳಿಸಬಾರದು, ಲಿಂಕು ಕಳಿಸಬೇಕು. ‘ಕೇಳಿದಿರಾ’ ಎಂದು ಕೇಳಬಾರದು. ನನ್ನ ಹಾಡು ಎಲ್ಲ ದೃಶ್ಯಕ್ಕೂ ಹೊಂದುತ್ತದೆ ಎನ್ನಬಾರದು — ಹಾಗೆಂದವನ ಹಾಡು ಯಾವುದಕ್ಕೂ ಹೊಂದುವುದಿಲ್ಲವೆಂದು ಅವರಿಗೆ ಗೊತ್ತು. ಎಲ್ಲಕ್ಕಿಂತ ಮುಖ್ಯ, ಸಾಹಿತ್ಯ, ರಾಗ, ರೆಕಾರ್ಡಿಂಗು ಎಲ್ಲಕ್ಕೂ ಒಬ್ಬನೇ ಸಹಿ ಹಾಕುವಂತಿರಬೇಕು. ನಾಲ್ಕು ಮನೆ ಅಲೆಯಲು ಅವರಿಗೆ ಪುರುಸೊತ್ತಿಲ್ಲ.

ಬಾಂದ್ರಾದ ದೊಡ್ಡ ಹೋಟೆಲೊಂದರಲ್ಲಿ ಇವರದೊಂದು ಸಭೆ ನಡೆಯುತ್ತದೆಂದು ಕೇಳಿ ಇಸ್ತ್ರಿ ಅಂಗಿ ಹಾಕಿ ಹೋದೆ. ಹೊಸದಾಗಿ ಅಚ್ಚು ಹಾಕಿಸಿದ ಕಾರ್ಡುಗಳನ್ನು ಧಾರಾಳವಾಗಿ ಹಂಚಿದೆ, ಅವರೂ ಕೊಟ್ಟರು. ಮನೆಗೆ ಬಂದು ನೋಡುತ್ತೇನೆ — ಎಲ್ಲರೂ ನನ್ನ ಹಾಗೆಯೇ ಹಾಡು ಹಿಡಿದು ಬಂದವರು. ಬರೀ ಅಡಿಗೆಯವರೇ ಸೇರಿ ಒಬ್ಬರಿಗೊಬ್ಬರು ಬಡಿಸಿಕೊಂಡ ಮದುವೆಮನೆ ಅದು. ಸೂಪರ್‌ವೈಸರುಗಳು ಭಾಷಣ ಮುಗಿಸಿ ಪಕ್ಕದ ಬಾಗಿಲಿನಿಂದ ಹೋಗಿಯಾಗಿತ್ತು.

ಕೊನೆಗೆ ದಾರಿ ತೋರಿಸಿದ್ದು ನನ್ನ ಹೆಂಡತಿಯ ತಮ್ಮ ಸದಾನಂದ. ಅಂಧೇರಿಯಲ್ಲಿ, ಎಡಿಟಿಂಗ್ ಸ್ಟುಡಿಯೋಗಳಿರುವ ಗಲ್ಲಿಯ ಬಾಯಲ್ಲೇ ಅವನ ಹೋಟೆಲು. ಸೂಪರ್‌ವೈಸರುಗಳೂ ಮನುಷ್ಯರು, ಮಧ್ಯಾಹ್ನವಾದರೆ ಹಸಿಯುತ್ತದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತವನಿಗೆ ಯಾರು ಯಾವ ಕಂಪನಿ, ಯಾರ ಮಾತು ಎಲ್ಲಿ ನಡೆಯುತ್ತದೆ ಎಲ್ಲವೂ ಗೊತ್ತು. ಒಂದು ದಿನ ಚಿಲ್ಲರೆ ಎಣಿಸುತ್ತಲೇ ನನ್ನ ಕಡೆ ವಾಲಿದ.

“ಭಾವ, ಮೂಲೆ ಟೇಬಲ್ಲಿನ ನೀರುದೋಸೆ ಉಂಟಲ್ಲ, ಅದೇ ನಿಮ್ಮ ಸೂಪರ್‌ವೈಸರು. ಬಿಲ್ಲು ಕೊಡುವ ಮೊದಲು ಮಾತಾಡಿ. ಬಿಲ್ಲು ಕೊಟ್ಟ ಮೇಲೆ ಈ ಊರಲ್ಲಿ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ.”

ಆ ನೀರುದೋಸೆಯ ಹೆಸರು ನೈನಾ. ನನ್ನ ಮಗಳ ವಯಸ್ಸು. ಹಾಡಿನ ಸುದ್ದಿಯನ್ನೇ ಎತ್ತದೆ, ನೀರುದೋಸೆಯನ್ನು ಸಾಂಬಾರಿನಲ್ಲಿ ಮುಳುಗಿಸುವುದು ನಮ್ಮ ಕಡೆ ಶಿಕ್ಷಾರ್ಹ ಅಪರಾಧ ಎಂದು ಗಂಭೀರವಾಗಿ ತಿಳಿಸಿ, ಒಳಗಿನಿಂದ ಕಾಯಿಬೆಲ್ಲ ತರಿಸಿಕೊಟ್ಟೆ. ತಿಂದರು, ನಕ್ಕರು. ಕೈ ತೊಳೆದು ಬರುವಷ್ಟರಲ್ಲಿ ನಾನು ಹಾಡು ಕಟ್ಟುವವನೆಂದು ಸದಾನಂದ ಹೇಳಿಯಾಗಿತ್ತು. ನಂಬರು ಕೊಟ್ಟರು. ಅದನ್ನು ನಾನು ಜನಿವಾರದಷ್ಟು ಜೋಪಾನ ಮಾಡಿದೆ.

ಆಮೇಲೆ ಎರಡು ವರ್ಷ ಹಾಡು ಕಳಿಸಿದೆ. ಪ್ರತಿ ಸಲವೂ ಮರ್ಯಾದೆಯ ಉತ್ತರ — ಚೆನ್ನಾಗಿದೆ ಅಂಕಲ್, ಇಟ್ಟುಕೊಂಡಿರುತ್ತೇನೆ. ಎಲ್ಲಿ ಇಟ್ಟುಕೊಂಡರೋ, ಉಗ್ರಾಣದವನಾದ ನನಗೂ ತಿಳಿಯಲಿಲ್ಲ.

ಇನ್ನು ಶಾಂತಾಬಾಯಿ. ವಿಜಯಪುರದ ಕಡೆಯವರು, ಕುರ್ಲಾದ ಹಳೆಯ ಬಿಲ್ಡಿಂಗಿನಲ್ಲಿ ಮನೆ. ಶನಿವಾರ ಲೋಕಲ್ ಹಿಡಿದು ನಮ್ಮ ಮಂಡಳಿಗೆ ಬರುತ್ತಿದ್ದರು. ಅವರ ಗಂಡ ಮದುವೆಗೆ ಮೊದಲು ಒಂದು ಮಾತು ಕೊಟ್ಟಿದ್ದರಂತೆ: ಮುಂಬಯಿಗೆ ಬಾ, ಸಿನಿಮಾದಾಗ ಹಾಡಸ್ತೀನಿ. ಬಂದರು. ಗಂಡನಿಗೆ ಸಿಕ್ಕಿದ್ದು ರಾತ್ರಿ ಪಾಳಿಯ ಕೆಲಸ, ಇವರಿಗೆ ಸಿಕ್ಕಿದ್ದು ನಲ್ಲಿಯ ಸರದಿ. ಗಂಡ ಹೋಗಿ ಬಹಳ ವರ್ಷವಾಯಿತು. ಆ ಮಾತನ್ನು ಅವರು ನಗುತ್ತಲೇ ಹೇಳುತ್ತಿದ್ದರು. ಆದರೆ ಹೊಸಬರು ಯಾರು ಬಂದರೂ ತಪ್ಪದೆ ಹೇಳುತ್ತಿದ್ದರು. ಅಷ್ಟು ಸಾಕಲ್ಲ, ಗೊತ್ತಾಗಲಿಕ್ಕೆ. ನನಗೆ ಗೊತ್ತಿತ್ತು.

ಕುರ್ಲಾದ ಒಂದು ಸಣ್ಣ ಸ್ಟುಡಿಯೋಕ್ಕೆ ನನ್ನ ದೇವರನಾಮವೊಂದನ್ನು ಹಾಡಿಸಲು ಅವರನ್ನು ಕರೆದೊಯ್ದೆ. ಅದು ಬೇಗ ಮುಗಿಯಿತು. ಹೊತ್ತು ಉಳಿದಿತ್ತು. “ನಮ್ಮನಿಯವರನ್ನ ಎಬ್ಬಸೂ ಪದಾ ಹಾಡ್ಲೇನ್ರಿ?” ಎಂದರು. ರಾತ್ರಿ ಪಾಳಿಯ ಗಂಡ ಹಗಲೆಲ್ಲ ಮಲಗುವವನು. ಅವನನ್ನು ಮುಸ್ಸಂಜೆಗೆ ಎಬ್ಬಿಸಲು ತಾವೇ ಕಟ್ಟಿಕೊಂಡ ಹಾಡಂತೆ. ಲೋಕಕ್ಕೆಲ್ಲ ದೀಪ ಹಚ್ಚುವ ಹೊತ್ತು, ಇವರ ಮನೆಯಲ್ಲಿ ಉದಯರಾಗ.

ಏಳೋ ನನ ರಾಯಾ, ಹೊತ್ತು ಮುಳುಗ್ಯಾದ,
ಊರೆಲ್ಲ ಮಲಗೂ ಹೊತ್ತು, ನಿನಗ ಬೆಳಗಾಗ್ಯಾದ.

ಹಾರ್ಮೋನಿಯಂ ಬೇಡವೆಂದರು. ನಾನು ಸುಮ್ಮನೆ ಕೂತೆ. ಇಷ್ಟು ಹೇಳಿದರೆ ಸಾಕು: ನಾನು ಆಯುಷ್ಯವಿಡೀ ಕಟ್ಟಿದ ಹಾಡುಗಳ ಬಗ್ಗೆ ಅಂದಿನಿಂದ ಯಾರೊಡನೆಯೂ ಜಂಬ ಕೊಚ್ಚಿಲ್ಲ.

ಇದನ್ನು ಕಳಿಸಲೇ ಎಂದು ಕೇಳಿದ್ದೆ. ಕಳಸ್ರಿ, ಎಲ್ಲಾದಕ್ಕೂ ನೀವ ಸಹಿ ಮಾಡ್ರಿ, ನನಗೇನ ತಿಳೀತದ ಎಂದರು. ಹಾಗಾಗಿ ಕದ್ದೆನೆಂದು ಯಾರೂ ಹೇಳುವಂತಿಲ್ಲ. ಬಂದ ಹಣವನ್ನೂ ಪೂರ್ತಿ ಅವರಿಗೇ ಮುಟ್ಟಿಸಿದೆ. ಇದನ್ನು ನನ್ನ ಪರವಾಗಿ ಹಿಡಿಯಬೇಡಿ. ಕಿಸೆಗಳ್ಳರಿಗಿಂತ ಮೇಲಿನ ದರ್ಜೆಯ ಕಳ್ಳರು ಹಣ ಮುಟ್ಟುವುದಿಲ್ಲ.

ನನ್ನ ಐದು ಹಾಡುಗಳ ಬಾಲಕ್ಕೆ ಅದನ್ನೂ ಕಟ್ಟಿ ಕಳಿಸಿದೆ. ಆ ಶನಿವಾರ ಭಜನೆ ಮುಗಿದು ಪ್ರಸಾದದ ಹೊತ್ತಿಗೆ ಫೋನು ಬಂತು. ನೈನಾ ತಾವಾಗಿ ನನಗೆ ಫೋನು ಮಾಡಿದ್ದು ಅದೇ ಮೊದಲು. ಆ ಕೊನೆಯ ಹಾಡು ಬೇಕು ಅಂಕಲ್, ಸೀರೀಸಿನಲ್ಲಿ ರಾತ್ರಿ ಟ್ಯಾಕ್ಸಿ ಓಡಿಸುವವನೊಬ್ಬ ಸಂಜೆ ಎದ್ದು ಮುಖ ತೊಳೆಯುವ ದೃಶ್ಯವಿದೆ, ಭಾಷೆ ತಿಳಿಯದಿದ್ದರೂ ನಿರ್ದೇಶಕರು ಎರಡು ಸಲ ಹಾಕಿಸಿ ಕೇಳಿದರು, ಎಂದರು. ನನ್ನ ಐದು ಹಾಡುಗಳ ಸುದ್ದಿ ಇಲ್ಲ. ಆಮೇಲೆ ಕೇಳಿದರು — ಹಾಡಿದವರು ಯಾರು? ಅವರ ನಂಬರು ಕೊಡಿ, ನಾನೇ ಮಾತಾಡಬೇಕು.

ಈ ಕಸುಬಿನಲ್ಲಿ ನಡುವೆ ನಿಂತವನ ಬಂಡವಾಳ ಒಂದೇ: ಆ ಕಡೆಯವರ ನಂಬರು ಈ ಕಡೆಯವರಿಗೆ ಗೊತ್ತಿರಬಾರದು. ಗೊತ್ತಾದ ದಿನ ಅವನು ಕರಿಬೇವಿನ ಎಲೆ — ಪರಿಮಳ ಕೊಟ್ಟಾಯಿತು, ತಟ್ಟೆಯ ಅಂಚಿಗೆ. ನನಗೆ ಹಾಗಾಗುವುದು ಬೇಡವಿತ್ತು. ಎರಡು ವರ್ಷ ಕಾಯಿಬೆಲ್ಲ ಹಿಡಿದು ಕಾದವನು ನಾನು. ಫೋನು ನನಗೆ ಬರಬೇಕು. ಇಷ್ಟೇ. ಇದರ ಹಿಂದೆ ಆಳವಾದ ಕಾರಣವೇನೂ ಇಲ್ಲ. ಹುಡುಕಿ ನೋಡಿದ್ದೇನೆ.

ಊರಿಗೆ ಹೋಗಿದ್ದಾರೆ ಎನ್ನಬಹುದಿತ್ತು, ಫೋನು ಇಟ್ಟುಕೊಂಡಿಲ್ಲ ಎನ್ನಬಹುದಿತ್ತು. ಅವೆಲ್ಲ ನಾಳೆ ಮತ್ತೆ ಕೇಳಿಸಿಕೊಳ್ಳುವ ಉತ್ತರಗಳು. ಸಾವು ಒಂದೇ ಸಲಕ್ಕೆ ಮುಗಿಯುತ್ತದೆ.

ಹೇಳಿದೆ. ಹೆಸರು ಮಾತ್ರ ನಿಜದ್ದೇ ಹೇಳಿದೆ. ನೈನಾ ಬಹಳ ಮೆತ್ತಗೆ, ನನಗೆ ಗೊತ್ತಿರಲಿಲ್ಲ ಅಂಕಲ್, ಎಂದರು. ಆ ಮೆತ್ತನೆಯ ದನಿ ನನಗೆ — ಹಿತವಾಯಿತು. ಸತ್ತವರ ಪಕ್ಕ ನಿಂತವನಿಗೆ ಸಿಗುವ ಗೌರವ ಅದು. ಅದನ್ನೂ ಅವಲಕ್ಕಿಯ ಜೊತೆಗೇ ಸ್ವೀಕರಿಸಿದೆ.

ಸೀರೀಸು ಬಂತು. ಹಾಡು ಬಂತು. ಕೊನೆಯಲ್ಲಿ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಬಂತು: ಶಾಂತಾಬಾಯಿಯವರ ನೆನಪಿಗೆ. ಹೀಗೆ ಮಾಡುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಇಂಗ್ಲಿಷಿನಲ್ಲಿದ್ದದ್ದನ್ನು ಶಾಂತಾಬಾಯಿಯವರ ಮೊಮ್ಮಗಳು ಓದಿ ಅರ್ಥ ಹೇಳಿದಳು. ಮುಂದಿನ ಶನಿವಾರ ಅವರೇ ಬಂದು ಎಲ್ಲರ ಮುಂದೆ ಕೇಳಿದರು. ಅಲ್ಲಿಯ ಗುಮಾಸ್ತ ಯಾರೋ ಮಾಡಿದ ಎಡವಟ್ಟು ಎಂದೆ. ದೊಡ್ಡ ಕಚೇರಿ, ಅಲ್ಲಿ ಹೀಗೆಲ್ಲ ಆಗುತ್ತದೆ ಎಂದೆ. ಇಲ್ಲದ ಗುಮಾಸ್ತನನ್ನು ಸ್ವಲ್ಪ ಬೈದೆ ಕೂಡ.

“ಹೋಗ್ಲಿ ಬಿಡ್ರಿ,” ಎಂದರು ಶಾಂತಾಬಾಯಿ. “ಮಂದಿಗೆ ಸತ್ತ ಮ್ಯಾಲ ಹೆಸರು ಬರ್ತದ. ನನಗ ಒಂದೀಟು ಮೊದ್ಲ ಬಂತು.”

ಮಂಡಳಿ ನಕ್ಕಿತು. ನಾನೂ ನಕ್ಕೆ. ಅವರ ಬಿಲ್ಡಿಂಗಿನಲ್ಲಿ ಅದೊಂದು ತಮಾಷೆಯಾಯಿತು. ನಲ್ಲಿಯ ಬಳಿ ಪಕ್ಕದ ಮನೆಯವರು, ದೆವ್ವಕ್ಕೆ ಮೊದಲು ದಾರಿ ಬಿಡಿ, ಎಂದು ಕೊಡ ಸರಿಸುತ್ತಿದ್ದರಂತೆ.

ಇಲ್ಲಿಗೆ ನಿಂತಿದ್ದರೆ ಇದನ್ನು ನಾನು ಬರೆಯುತ್ತಿರಲಿಲ್ಲ. ಒಂದು ಸುಳ್ಳು, ಒಂದು ನಗೆ, ಮುಗಿಯಿತು ಎಂದು ಅರಗಿಸಿಕೊಂಡುಬಿಡುತ್ತಿದ್ದೆ — ಅಂಥ ಜೀರ್ಣಶಕ್ತಿ ನನಗಿದೆ. ಆದರೆ ಕೆಲವು ತಿಂಗಳ ಮೇಲೆ ನೈನಾ ಮತ್ತೆ ಫೋನು ಮಾಡಿದರು. ನಾನು ಆಗ ಘಾಟ್ಕೋಪರ್ ಸ್ಟೇಶನ್ನಿನ ಸೇತುವೆಯ ಮೇಲಿದ್ದೆ. ದೊಡ್ಡ ಸಿನಿಮಾ, ಎಂದರು. ಆರಂಭದಲ್ಲಿ ಹೆಸರುಗಳು ಬರುವಾಗ ಮಾತೇ ಇಲ್ಲದ ಹಾಡು, ಬರೀ ಒಂದು ಹೆಂಗಸಿನ ದನಿ. ಎಷ್ಟು ಜನರಿಂದ ಹಾಡಿಸಿದರೂ ನೈನಾರ ಕಿವಿಯಲ್ಲಿ ಶಾಂತಾಬಾಯಿಯವರ ದನಿಯೊಂದೇ ಕೂತಿದೆಯಂತೆ. ಮತ್ತೆ ಹೇಳಿದರು, ಅದನ್ನು ಅವರು ಹೇಳಿದಂತೆಯೇ ಬರೆಯುತ್ತೇನೆ: “ಕಾಶ್ ವೋ ಹೋತೀ, ಅಂಕಲ್. ಯೇ ಗಾನಾ ಉನ್ಹೀ ಕಾ ಥಾ.” ಅವರು ಇರಬೇಕಿತ್ತು ಅಂಕಲ್, ಈ ಹಾಡು ಅವರದ್ದೇ ಆಗಿತ್ತು.

ಅವರ ಮನೆಯಲ್ಲಿ ಹಾಗೆ ಹಾಡುವವರು ಬೇರೆ ಯಾರಾದರೂ ಇದ್ದಾರೆಯೇ ಎಂದೂ ಕೇಳಿದರು.

ಇಲ್ಲ ಎಂದೆ.

ಮೊದಲ ಸಲ ನಾನು ಹೇಳಿದ್ದು ಸುಳ್ಳು. ಎರಡನೆಯ ಸಲ ಮಾಡಿದ್ದು — ಅದಕ್ಕೆ ಬೇರೆ ಹೆಸರಿರಬೇಕು. ಗಂಡನ ಮಾತನ್ನು ನಂಬಿ ರೈಲು ಹತ್ತಿದ ಹೆಂಗಸಿಗೆ, ಅಷ್ಟು ವರ್ಷಗಳ ಮೇಲೆ, ಆ ಮಾತು ತಾನೇ ಮನೆ ಹುಡುಕಿಕೊಂಡು ಬಂದಿತ್ತು. ಬಾಗಿಲಲ್ಲಿ ನಾನು ನಿಂತಿದ್ದೆ. ಮನೆಯಲ್ಲಿ ಯಾರೂ ಇಲ್ಲ ಎಂದು ತಿರುಗಿಸಿ ಕಳಿಸಿದೆ. ‘ಕ್ಷಮಿಸಿ, ಬದುಕಿದ್ದಾರೆ, ನಾನು ಸುಳ್ಳು ಹೇಳಿದ್ದೆ’ — ಇಷ್ಟು ಹೇಳಲು ಸೇತುವೆಯ ಮೇಲೆ ಬೇಕಾದಷ್ಟು ಜಾಗವಿತ್ತು. ಹೇಳಿದ್ದರೆ ನೈನಾರ ಬಾಗಿಲು ನನಗೆ ಮುಚ್ಚುತ್ತಿತ್ತು, ಶಾಂತಾಬಾಯಿಯವರಿಗೆ ತೆರೆಯುತ್ತಿತ್ತು. ನಾನು ಎರಡನ್ನೂ ತೂಗಿದೆ. ನೋಡಿ, ತೂಗಿದೆ. ಭಯವಾಯಿತು, ನಾಲಿಗೆ ಕಟ್ಟಿತು ಎಂದೆಲ್ಲ ನನಗಾಗಿ ಯಾರೂ ಬರೆಯಬೇಡಿ. ತೂಗಿ, ನನ್ನ ಕಡೆ ಇಳಿಸಿದೆ.

ಹಾಗೆ ಉಳಿಸಿಕೊಂಡ ಬಾಗಿಲಿನಿಂದ ನನಗೇನು ಬಂತು? ಏನೂ ಇಲ್ಲ. ನನ್ನ ಒಂದು ಹಾಡೂ ಎಲ್ಲಿಯೂ ಕೇಳಿಸಲಿಲ್ಲ. ಇದನ್ನು ಶಿಕ್ಷೆ ಎಂದು ಓದುವ ಭಕ್ತರಿಗೆ ಹೇಳುತ್ತೇನೆ, ಅಲ್ಲ. ಹಾಡುಗಳು ಸಾಧಾರಣ, ಅಷ್ಟೇ. ದೇವರನ್ನು ಇದರಲ್ಲಿ ಎಳೆಯಬೇಡಿ.

ಸದಾನಂದನಿಗೆ ಹೇಳಿದಾಗ ಅವನು ಗಲ್ಲಾಪೆಟ್ಟಿಗೆಯ ಡ್ರಾಯರು ಮುಚ್ಚಿದ. ಮತ್ತೆ, ಅವರಿಗೆ ಗೊತ್ತಿಲ್ಲದ ನಷ್ಟ ಅವರಿಗೆ ನಷ್ಟವಲ್ಲ ಭಾವ, ಈಗ ಹೋಗಿ ಹೇಳಿದರೆ ನೀವು ಹಗುರಾಗುತ್ತೀರಿ, ಅವರು ಭಾರವಾಗುತ್ತಾರೆ, ಸುಮ್ಮನಿರಿ — ಎಂದ. ಬುದ್ಧಿವಂತನ ಮಾತು. ಮೂರು ವರ್ಷ ಅದರ ನೆರಳಿನಲ್ಲಿ ತಂಪಾಗಿ ಕೂತೆ.

ಈ ವರ್ಷ ಮಂಡಳಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅದೇ ಸಿನಿಮಾದ, ಕೊನೆಗೆ ಬೇರೆ ಯಾರೋ ಹಾಡಿದ ಆ ಮಾತಿಲ್ಲದ ಹಾಡಿನ ವಿಷಯ ಎತ್ತಿದಳು. ಶಾಂತಾಬಾಯಿ ಎಂದಿನಂತೆ ಗಂಡ ಕೊಟ್ಟ ಮಾತಿನ ಕಥೆ ಶುರುಮಾಡಿದರು. ಆದರೆ ಈ ಸಲ ನಗಲಿಲ್ಲ. ಒಂದು ಪದ ಬಂತು, ಅದೂ ಸತ್ತಾಳಂತ ಬಂತು; ಆ ಮ್ಯಾಲ ನಮ್ಮಂಥವರನ್ನ ಯಾರು ಕೇಳ್ತಾರವ್ವ, ಎಂದರು. ಹಾರ್ಮೋನಿಯಂ ಮೇಲೆ ನನ್ನ ಕೈ ಇತ್ತು. ಗೊತ್ತಿಲ್ಲದ ನಷ್ಟ ನಷ್ಟವಲ್ಲವಂತೆ. ನನ್ನ ಕಣ್ಣೆದುರೇ ಅವರು ಅದರ ಬಡ್ಡಿ ಕಟ್ಟುತ್ತಿದ್ದರು — ತಮ್ಮನ್ನು ಯಾರೂ ಕೇಳಲಿಲ್ಲವೆಂದು ನಂಬಿ.

ಮರುದಿನ ಮೊದಲು ನೈನಾರಿಗೆ ಫೋನು ಮಾಡಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆ ಕಪ್ಪು ಪರದೆಯ ಮಾತನ್ನು ಹಾಕಿಸಲು ನಾನು ಎಷ್ಟು ಜನರೊಡನೆ ಜಗಳಾಡಿದೆ ಗೊತ್ತೇ ಅಂಕಲ್, ಎಂದರು. ಅಷ್ಟೇ. ಆಮೇಲೆ ಅವರ ಫೋನು ನನಗೆ ಸಿಕ್ಕಿಲ್ಲ.

ಅಲ್ಲಿಂದ ಕುರ್ಲಾಕ್ಕೆ ಹೋದೆ. ಶಾಂತಾಬಾಯಿ ಬಾಗಿಲ ಬಳಿ ಮೆಂತ್ಯಸೊಪ್ಪು ಬಿಡಿಸುತ್ತಿದ್ದರು. ನಿಂತೇ ಹೇಳಿದೆ, ಎರಡನ್ನೂ. ಸೊಪ್ಪು ಬಿಡಿಸುವುದು ನಿಲ್ಲಲಿಲ್ಲ. ಸತ್ತರೆಂದು ಹೇಳಿದ ಭಾಗಕ್ಕೆ ತಲೆಯನ್ನೂ ಎತ್ತಲಿಲ್ಲ. ಎರಡನೆಯದಕ್ಕೆ ಕೈ ನಿಂತಿತು.

“ಏನಂತ ಕೇಳಿದ್ಲು ಆಕಿ? ಹ್ಯಾಂಗ ಅಂದ್ಲೋ ಹಾಂಗ ಹೇಳ್ರಿ.”

ಹೇಳಿದೆ. ಇನ್ನೊಮ್ಮೆ ಹೇಳಿಸಿದರು. ಮತ್ತೊಮ್ಮೆ. ಮೂರನೆಯ ಸಲ ನಾನು ಹೇಳುವಾಗ ಅವರ ತುಟಿಯೂ ಜೊತೆಗೆ ಆಡಿತು.

“ಸಾಯಿಸಿದ್ದಕ್ಕ ಏನೂ ಅನ್ನೂದಿಲ್ಲ ಮಾಸ್ತರ,” ಎಂದರು. “ಒಂದಿನ ಸಾಯೂದ. ನನ್ನ ಕೇಳಿದ್ರು ಅನ್ನೂದನ್ನ ಬಚ್ಚಿಟ್ರಲ್ರೀ. ಅದನ್ನ ನಮ್ಮನಿಯವರ ಫೋಟೋದ ಮುಂದ ನಿಂತು ಹೇಳ್ತಿದ್ನಿ.”

ಇದನ್ನು ಬರೆಯುತ್ತೇನೆ, ನಿಮ್ಮ ಹೆಸರು ಬಿಡುತ್ತೇನೆ, ಎಂದೆ.

“ಹೆಸರು ಯಾಕ ಬಿಡ್ತೀರಿ? ಹಾಕ್ರಿ. ಆದ್ರ ಬರಕೋತ ಬರಕೋತ ಕಡೀಕ ನಿಮ್ಮನ್ನ ನೀವು ಒಳ್ಳ್ಯಾಂವ ಮಾಡ್ಕೋಬ್ಯಾಡ್ರಿ.”

ಆ ಸಿನಿಮಾದ ಹಾಡು ಫೋನಿನಲ್ಲಿದ್ದರೆ ಹಾಕಿ ಎಂದರು. ಹಾಕಿದೆ. ಕಣ್ಣು ಮುಚ್ಚಿ ಮೊದಲಿನಿಂದ ಕೊನೆಯವರೆಗೆ ಕೇಳಿದರು. ಚಂದ ಹಾಡ್ಯಾಳ, ಸಣ್ಣ ಹುಡುಗಿ ಅದಾಳ, ಎಂದರು. ಇನ್ನು ನನಗ ನೀವು ಪೇಟಿ ಬಾರಿಸೂದು ಬ್ಯಾಡ, ಎಂದರು. ಪೇಟಿ ಎಂದರೆ ಹಾರ್ಮೋನಿಯಂ. ಎದ್ದು ಸೊಪ್ಪಿನ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಲಿಲ್ಲ, ನನ್ನನ್ನು ಕರೆಯಲೂ ಇಲ್ಲ.

ಆ ಶನಿವಾರದಿಂದ ಹಾರ್ಮೋನಿಯಂ ಮುಟ್ಟಿಲ್ಲ. ವಿಷಯ ಕೇಳಿದವರು, ರಾಜಿ ಮಾಡಿಸುತ್ತೇವೆ, ಬಂದು ಕೂರಿ ಎನ್ನುತ್ತಾರೆ. ಕೂರುವುದಿಲ್ಲ. ಕೂರಬಾರದೆಂದು ಹೇಳಿದವರೊಬ್ಬರು, ಕೂರು ಎನ್ನಬೇಕಾದವರೂ ಅವರೊಬ್ಬರೇ. ಮಧ್ಯಸ್ಥರ ಕಸುಬು ಏನೆಂದು ನನಗೆ ಗೊತ್ತು.

ಇನ್ನೊಂದು ಮಾತು ಉಳಿದಿದೆ. ಅಂದು ಅವರ ಬಾಗಿಲಿನಿಂದ ಹೊರಟು ನಾನು ಮೊದಲ ಅಂತಸ್ತಿನ ತಿರುವಿಗೆ ಇಳಿದಿದ್ದೆ. ಮೇಲಿನಿಂದ ದನಿ ಬಂತು. ಶಾಂತಾಬಾಯಿ ಅಡಿಗೆಮನೆಯಲ್ಲಿ ಅದನ್ನೇ ಹಾಡುತ್ತಿದ್ದರು — ಆ ಮಾತಿಲ್ಲದ ಹಾಡನ್ನು, ಒಮ್ಮೆ ಮಾತ್ರ ಕೇಳಿದ್ದನ್ನು, ಮೊದಲಿನಿಂದ. ಆ ಸಿನಿಮಾ ಹೇಗೆ ಶುರುವಾಗಬೇಕಿತ್ತೋ ಹಾಗೆ. ಕೆಳಗೆ ನೀರು ತುಂಬುವವರು ನಲ್ಲಿ ನಿಲ್ಲಿಸಿದರು.

ನನ್ನ ಕೈ ಕಿಸೆಗೆ ಹೋಯಿತು. ಹೋದದ್ದು ನಿಜ, ಬೆರಳು ಫೋನಿಗೆ ತಾಗಿದ್ದೂ ನಿಜ. ರೆಕಾರ್ಡು ಮಾಡಿ ಕಳಿಸಿದರೆ ಯಾವ ಸೂಪರ್‌ವೈಸರಿಗೆ ಕಳಿಸಬೇಕೆಂದು ಎರಡು ಹೆಸರು ಆಗಲೇ ತಲೆಯಲ್ಲಿ ಎದ್ದು ನಿಂತಿದ್ದವು. ಬರಿಗೈಯನ್ನು ಹೊರಗೆ ತೆಗೆದು ಮೆಟ್ಟಿಲ ಕಂಬಿಯ ಮೇಲಿಟ್ಟೆ. ಮುಗಿಯುವವರೆಗೆ ಅಲ್ಲಿಯೇ ಇಟ್ಟಿದ್ದೆ.